ಚಿರೆಕಲ್ಲಿನ ಗೋಡೆಗೆ ಸುಣ್ಣವನ್ನೇ ಕೊಡಿ: ಜೀರ್ಣೋದ್ಧಾರ ಸಮಿತಿಗಳಿಗೆ ಒಬ್ಬ ಗಾರೆ ಮೇಸ್ತ್ರಿಯ ಬಹಿರಂಗ ಪತ್ರ

ಉತ್ತರ ಕನ್ನಡದ ದೇವಸ್ಥಾನಗಳ ಜೀರ್ಣೋದ್ಧಾರ ಸಮಿತಿಯವರಿಗೆ, ಹಳೆ ಕಟ್ಟಡಗಳ ರಿಪೇರಿಗೆ ಅಂದಾಜು ಪಟ್ಟಿ ಬರೆಯುವ ಎಂಜಿನಿಯರುಗಳಿಗೆ, ಅಜ್ಜನ ಕಾಲದ ಮನೆಯನ್ನು ಇನ್ನೂ ಉಳಿಸಿಕೊಂಡಿರುವ ಎಲ್ಲರಿಗೂ,

ನಮಸ್ಕಾರ.

ನಾನು ಕುಮಟಾ ಕಡೆಯ ಗಾರೆ ಮೇಸ್ತ್ರಿ. ನನ್ನ ಅಪ್ಪನೂ ಗಾರೆ ಮೇಸ್ತ್ರಿಯೇ. ಅಪ್ಪನ ಕರಣೆಯಲ್ಲಿ ಸುಣ್ಣ ಇತ್ತು, ನನ್ನ ಕರಣೆಗೆ ಸಿಮೆಂಟ್ ಬಂತು. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಅಂತ ಕೆಲಸ ಸಿಕ್ಕಲ್ಲಿಗೆ ಹೋಗಿದ್ದೇನೆ. ಈ ಪತ್ರ ಬರೆಯಲು ಒಂದು ಗೋಡೆ ಕಾರಣ. ಅದನ್ನು ಹಾಳು ಮಾಡಿದವರಲ್ಲಿ ನಾನೂ ಒಬ್ಬ. ಅದಕ್ಕೇ ಮೊದಲು ಅದನ್ನೇ ಹೇಳುತ್ತೇನೆ.

ಸುಮಾರು ಹದಿನೆಂಟು ವರ್ಷದ ಹಿಂದಿನ ಮಾತು. ಕರಾವಳಿಯ ಒಂದು ಹಳ್ಳಿ ದೇವಸ್ಥಾನ. ಹೆಸರು ಬೇಡ. ಸುತ್ತಲಿನ ಪೌಳಿ ಪೂರ್ತಿ ಚಿರೆಕಲ್ಲಿನದು, ಅಂದರೆ ನಮ್ಮ ಕಡೆಯ ತೂತು ತೂತಾದ ಕೆಂಪು ಕಲ್ಲಿನದು. ಅದರ ಮೇಲೆ ಬಿಳಿ ಸುಣ್ಣದ ಗಾರೆ, ಗಾರೆಯ ಮೇಲೆ ಕೆಂಪು ಕಾವಿಯಲ್ಲಿ ಬಳ್ಳಿ, ಹೂವು, ಕುದುರೆ ಏರಿದ ಸವಾರ. ಕೆಲವು ಕಡೆ ಉದುರಿತ್ತು, ಹಲವು ಕಡೆ ಚೆನ್ನಾಗಿಯೇ ಇತ್ತು. ಸಮಿತಿಯವರು ಭಕ್ತಿಯಿಂದಲೇ ದುಡ್ಡು ಕೂಡಿಸಿದ್ದರು. "ಇನ್ನು ನೂರು ವರ್ಷ ನೋಡೋದೇ ಬೇಡ, ಹಂಗೆ ಗಟ್ಟಿಯಾಗಿ ಮಾಡಿ" ಅಂದರು. ನಾವು ಸುತ್ತಿಗೆ ತಗೊಂಡು ಹಳೆ ಗಾರೆ ಕೆತ್ತಿ ತೆಗೆದೆವು. ಕುದುರೆ, ಸವಾರ, ಬಳ್ಳಿ ಎಲ್ಲ ಬುಟ್ಟಿಯಲ್ಲಿ ತುಂಬಿ ಹೋಗಿ ರಸ್ತೆಯ ಹೊಂಡ ಸೇರಿತು. ಗೋಡೆಗೆ ಸಿಮೆಂಟ್ ಹಾಕಿ ಮೇಲೆ ಆಯಿಲ್ ಪೇಂಟ್ ಹೊಡೆದೆವು. ನೋಡಲು ಹೊಸ ಮನೆಯ ಹಾಗೆ ಕಾಣಿಸಿತು. ನನಗೂ ಖುಷಿ ಆಗಿತ್ತು.

ಮೂರು ಮಳೆಗಾಲ ಕಳೆಯಿತು. ನೆಲದಿಂದ ಸೊಂಟದೆತ್ತರದವರೆಗೆ ಪೇಂಟ್ ಗುಳ್ಳೆ ಎದ್ದಿತು. ತಟ್ಟಿದರೆ ಟೊಳ್ಳು ಸದ್ದು. ಒಂದು ಕಡೆ ಸಿಮೆಂಟ್ ಹಕ್ಕಳೆಯ ಹಾಗೆ ಕಳಚಿ ಬಿತ್ತು. ಬೀಳುವಾಗ ಚಿರೆಕಲ್ಲಿನ ಮುಖವನ್ನೂ ಕಿತ್ತುಕೊಂಡೇ ಬಂತು. ಒಳಗೆ ಕಲ್ಲು ಒದ್ದೆ ಕೆಮ್ಮಣ್ಣಿನ ಹಾಗೆ ಆಗಿತ್ತು. ಆಗ ಅಪ್ಪ ಇದ್ದ. ಕರೆದುಕೊಂಡು ಹೋಗಿ ತೋರಿಸಿದೆ. ಅವನು ಹೆಬ್ಬೆರಳಿನಿಂದ ಕಲ್ಲನ್ನು ಒತ್ತಿ ನೋಡಿದ. "ಗೋಡೆಗೆ ಉಸಿರು ಕಟ್ಟಿದೆ" ಅಂದ. ಬೇರೆ ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಅದಾದ ಮೇಲೆ ನಾನು ಅಪ್ಪನ ಹತ್ತಿರ ಕೂತು ಸುಣ್ಣದ ಕೆಲಸ ಕೇಳಿ ತಿಳಿದುಕೊಂಡೆ. ಕೇಳುವುದಕ್ಕೆ ತಡ ಮಾಡಿದ್ದೆ. ಆದರೂ ಸಿಕ್ಕಿದಷ್ಟು ಸಿಕ್ಕಿತು.

ಮೊದಲನೇ ವಿಷಯ ನಮ್ಮ ಕಲ್ಲಿನದು. ಚಿರೆಕಲ್ಲು ಗ್ರಾನೈಟ್ ಅಲ್ಲ. ಕ್ವಾರಿಯಲ್ಲಿ ಇರುವಾಗ ಕೊಡಲಿಯಲ್ಲೂ ಕಡಿಯಬಹುದು, ಹೊರಗೆ ತೆಗೆದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. 1801ರಲ್ಲಿ ನಮ್ಮ ಜಿಲ್ಲೆಯನ್ನು ಸುತ್ತಿ ಹೋದ ಫ್ರಾನ್ಸಿಸ್ ಬುಕಾನನ್ ಈ ಜಾತಿಯ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಇಟ್ಟಿಗೆ ಅನ್ನುವ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು ಅದು. ಅವನು ಕೇರಳದ ಅಂಗಡಿಪುರಂನಲ್ಲಿ ಕಂಡ ಕಲ್ಲು, ನಮ್ಮ ಅಂಗಳದ ಕಲ್ಲು, ಎರಡೂ ಒಂದೇ. ಮೈತುಂಬ ತೂತು. ಆ ತೂತಿನಲ್ಲಿ ನೀರು ಹೋಗುತ್ತದೆ, ಬರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಾಗ ನಮ್ಮದು. ಎಷ್ಟೇ ಸೂರು ಇಳಿಸಿದರೂ ಗೋಡೆಗೆ ನೀರು ಮುಟ್ಟಿಯೇ ಮುಟ್ಟುತ್ತದೆ. ನೆಲದಿಂದಲೂ ಏರುತ್ತದೆ. ಕಡಲ ಗಾಳಿಯ ಉಪ್ಪು ಬೇರೆ. ಹಾಗಾಗಿ ಒಳಗೆ ಹೋದ ನೀರು ಹೊರಗೆ ಬರಲು ದಾರಿ ಬೇಕು. ಸುಣ್ಣದ ಗಾರೆ ಆ ದಾರಿ ಕೊಡುತ್ತದೆ. ಸಿಮೆಂಟ್ ಮುಚ್ಚುತ್ತದೆ. ಮುಚ್ಚಿದಾಗ ನೀರು ಸಿಮೆಂಟಿನ ಹಿಂದೆ ಕೂರುತ್ತದೆ, ಉಪ್ಪು ಅಲ್ಲೇ ಹರಳು ಕಟ್ಟುತ್ತದೆ, ಆ ಹರಳು ಕಲ್ಲನ್ನು ಒಳಗಿನಿಂದಲೇ ಒಡೆದು ಪುಡಿ ಮಾಡುತ್ತದೆ. ನಮ್ಮ ಪೌಳಿಗೆ ಆಗಿದ್ದು ಇದೇ.

ಸುಣ್ಣ ಎಲ್ಲಿಂದ ಬರುತ್ತಿತ್ತು? ಬಾಗಲಕೋಟೆ, ಲೋಕಾಪುರದ ಕಡೆ ಹೋದವರಿಗೆ ಸುಣ್ಣದಕಲ್ಲಿನ ದೊಡ್ಡ ದೊಡ್ಡ ಕ್ವಾರಿ ಗೊತ್ತು. ಅಂಥದ್ದನ್ನು ನಮ್ಮ ಕಡೆ ನಾನು ಕಂಡಿಲ್ಲ. ಸುಣ್ಣದಕಲ್ಲು ಅಂದರೆ ನಮಗೆ ನೆನಪಾಗುವುದು ಯಾಣ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪಗೆ ನಿಂತಿರುವ ಆ ಬಂಡೆಗಳು ಸುಣ್ಣದಕಲ್ಲಿನ ಜಾತಿಯವು, ಮಳೆನೀರು ತಿಂದು ತಿಂದು ಆ ಆಕಾರ ಆಗಿದ್ದು. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಅಂತ ಕತೆ. ಸುತ್ತಲಿನ ಕಪ್ಪು ಮಣ್ಣನ್ನು ತೋರಿಸಿ ಅದೇ ಬೂದಿ ಅನ್ನುತ್ತಾರೆ. "ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ" ಅಂತ ಗಾದೆ ಇದೆಯಲ್ಲ, ಅಷ್ಟು ದುರ್ಗಮವಾದ ಕಾಡು ಅದು. ಆ ಬಂಡೆಗೆ ನಮ್ಮ ಹಿರಿಯರು ಕೈ ಮುಗಿದರು. ಮನೆಗೆ ಬೇಕಾದ ಸುಣ್ಣವನ್ನು ಹೊಳೆಯಿಂದ ತಂದರು.

ಹೊಳೆ ಅಂದರೆ ಅಘನಾಶಿನಿ. ಶಿರಸಿ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟು ಕಾಣದೆ, ತದಡಿಯ ಹತ್ತಿರ ಕಡಲು ಸೇರುವ ಹೊಳೆ. ಯಾಣದ ಚಂಡಿಕಾ ಹೊಳೆಯೂ ಇದಕ್ಕೇ ಬಂದು ಕೂಡುತ್ತದೆ. ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಬೆರೆಯುವ ಕಡೆ ಬಳಚು ಅನ್ನುವ ಚಿಪ್ಪಿನ ಜೀವಿ ಬೆಳೆಯುತ್ತದೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ನೀರಿನಲ್ಲಿ ನಿಂತು, ಕಾಲಿನಿಂದಲೇ ಕೆಸರಿನಲ್ಲಿ ತಡಕಿ, ಬಳಚು ಹೆಕ್ಕುತ್ತಾರೆ. ಗಂಡಸರು ದೋಣಿಯಲ್ಲಿ ಹೋಗಿ ಮುಳುಗಿ ತೆಗೆಯುತ್ತಾರೆ. ಮಾಂಸ ತಿನ್ನಲು, ಚಿಪ್ಪು ಸುಣ್ಣಕ್ಕೆ. ಒಂದನ್ನೂ ಎಸೆಯುತ್ತಿರಲಿಲ್ಲ. ತಿಂದು ಬಿಟ್ಟ ಚಿಪ್ಪು ಮನೆಯ ಹಿಂದೆ ರಾಶಿ ಬೀಳುತ್ತಿತ್ತು. ಹೊಳೆಯ ತಳದಲ್ಲಿ ಹೂತುಹೋದ ಬಹಳ ಹಳೆ ಚಿಪ್ಪಿನ ಪದರವೂ ಇದೆ, ಅದನ್ನೂ ಅಗೆದು ತೆಗೆಯುತ್ತಿದ್ದರು. ಇದೇ ನಮ್ಮ ಸುಣ್ಣದ ಗಣಿ.

ನಾನು ಸಣ್ಣವನಿದ್ದಾಗ ಹೊಳೆಬದಿಯಲ್ಲಿ ಸುಣ್ಣದ ಗೂಡು ಉರಿಯುವುದನ್ನು ನೋಡಿದ್ದೇನೆ. ದುಂಡಗಿನ ಗೋಡೆ, ಎದೆಯೆತ್ತರ. ತಳದಲ್ಲಿ ಗಾಳಿಗೆ ಕಂಡಿ. ಮೊದಲು ಕಟ್ಟಿಗೆ, ಮೇಲೆ ತೆಂಗಿನ ಚಿಪ್ಪು, ಇದ್ದಿಲು, ಅದರ ಮೇಲೆ ಬಳಚಿನ ಚಿಪ್ಪು, ಮತ್ತೆ ಇದ್ದಿಲು, ಮತ್ತೆ ಚಿಪ್ಪು. ಸಂಜೆ ಬೆಂಕಿ ಕೊಟ್ಟರೆ ರಾತ್ರಿಯಿಡೀ ಕೆಂಪಗೆ ಉರಿಯುತ್ತಿತ್ತು. ನಾವು ಮಕ್ಕಳು ದೂರ ಕೂತು ನೋಡುತ್ತಿದ್ದೆವು. ಹೊಗೆಯ ಘಾಟಿಗೆ ಕಣ್ಣು ಉರಿಯುತ್ತಿತ್ತು, ಎದ್ದು ಹೋಗಲು ಮಾತ್ರ ಮನಸ್ಸು ಬರುತ್ತಿರಲಿಲ್ಲ. ಬೆಳಿಗ್ಗೆ ತೆಗೆದ ಚಿಪ್ಪು ನೋಡಲು ಚಿಪ್ಪೇ. ಗೀರು, ಅಂಚು ಎಲ್ಲ ಹಾಗೇ. ಕೈಯಲ್ಲಿ ಹಿಡಿದರೆ ಮಾತ್ರ ಹಗುರ. ಮೇಲೆ ನೀರು ಚಿಮುಕಿಸಿದರೆ ಸುಯ್ ಅಂತ ಬಿಸಿ ಉಗಿ ಎದ್ದು, ಬಿರಿದು, ಹಿಟ್ಟಾಗಿ ಅರಳುತ್ತಿತ್ತು. ಸುಣ್ಣ ಅರಳುವುದು ಅನ್ನುತ್ತೇವಲ್ಲ, ಆ ಮಾತು ಎಷ್ಟು ಸರಿ ಅಂತ ನೋಡಿದವರಿಗೇ ಗೊತ್ತು.

ಇದರ ಲೆಕ್ಕ ನನಗೆ ಆಮೇಲೆ ತಿಳಿಯಿತು. ಚಿಪ್ಪು, ಸುಣ್ಣದಕಲ್ಲು ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಶಾಖ ಕೊಟ್ಟರೆ ಅದರೊಳಗಿನ ಇಂಗಾಲದ ಗಾಳಿ ಹೊರಟುಹೋಗುತ್ತದೆ. 100 ಕಿಲೋ ಚಿಪ್ಪಿಗೆ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಹಗುರ ಆಗುವುದು ಅದಕ್ಕೇ. ಅದನ್ನು ನೀರಿನಲ್ಲಿ ಅರಳಿಸಿ, ಮರಳು ಸೇರಿಸಿ ಗೋಡೆಗೆ ಹಚ್ಚುತ್ತೇವೆ. ಆಗ ಗೋಡೆ ಗಾಳಿಯಿಂದ ಅದೇ ಇಂಗಾಲವನ್ನು ನಿಧಾನಕ್ಕೆ ವಾಪಸ್ ತಗೊಳ್ಳುತ್ತದೆ. ತಗೊಂಡು ತಗೊಂಡು ಮತ್ತೆ ಕಲ್ಲಾಗುತ್ತದೆ. ಬಳಚಿನ ಚಿಪ್ಪಿನ ಮೇಲೆ ಲಿಂಬೆರಸ ಬಿಡಿ, ಸಣ್ಣ ಗುಳ್ಳೆ ಏಳುತ್ತದೆ. ನೂರು ವರ್ಷದ ಗಾರೆಯ ಚೂರಿನ ಮೇಲೂ ಬಿಡಿ. ಅದೇ ಗುಳ್ಳೆ. ಹೊಳೆಯ ಚಿಪ್ಪು ದೇವಸ್ಥಾನದ ಗೋಡೆಯಲ್ಲಿ ಮತ್ತೆ ಚಿಪ್ಪಾಗಿದೆ. ಇದು ತಿಳಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಗಾರೆ ಮಾಡುವ ಕ್ರಮದಲ್ಲಿ ಅವಸರ ನಡೆಯುವುದಿಲ್ಲ. ಅರಳಿದ ಸುಣ್ಣವನ್ನು ಜಾಲಿಸಿ ಹೊಂಡದಲ್ಲಿ ನೀರು ನಿಲ್ಲಿಸಿ ಕೊಳೆಹಾಕಬೇಕು. ವಾರಗಟ್ಟಲೆ, ಸಾಧ್ಯವಾದರೆ ತಿಂಗಳುಗಟ್ಟಲೆ. ಬೆಣ್ಣೆಯಷ್ಟು ನುಣುಪಾಗಬೇಕು. ಅದಕ್ಕೆ ಹೊಳೆಮರಳು, ಬೆಲ್ಲದ ನೀರು. ಅಳಲೆಕಾಯಿ ನೆನೆಸಿದ ನೀರು ಹಾಕುವವರೂ ಇದ್ದರು. ಇದನ್ನು ಕಲ್ಲಿನ ಗಾಲಿಯ ಕೆಳಗೆ ಅರೆಯಬೇಕು, ಇಲ್ಲದಿದ್ದರೆ ಒನಕೆಯಲ್ಲಿ ಕುಟ್ಟಬೇಕು. ಅಪ್ಪ ಗಾರೆಯನ್ನು ಕರಣೆಯಲ್ಲಿ ತಗೊಂಡು ಕರಣೆ ಬೋರಲು ಹಾಕುತ್ತಿದ್ದ. ಬೀಳದೆ ಅಂಟಿಕೊಂಡು ನಿಂತರೆ ಮಾತ್ರ ಗೋಡೆಗೆ. ಪೇಂಟ್ ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಒಣ ಸುಣ್ಣದ ಪುಡಿಯನ್ನು ಮರಳಿಗೆ ಕಲಸಿ ಮೆತ್ತಿ, "ನೋಡಿ, ಸುಣ್ಣ ನಿಲ್ಲುವುದಿಲ್ಲ" ಅನ್ನುವವರನ್ನು ನೋಡಿದ್ದೇನೆ. ಅದು ಸುಣ್ಣದ ತಪ್ಪಲ್ಲ.

ಈಗ ಕಾವಿಯ ಮಾತು. ನನಗೆ ಹೆಚ್ಚು ನೋವಿರುವುದು ಇಲ್ಲೇ.

ಕಾವಿ ಕಲೆಯನ್ನು ಬಹಳ ಜನ ಪೇಂಟಿಂಗ್ ಅಂದುಕೊಂಡಿದ್ದಾರೆ. ಅದು ಗಾರೆ ಕೆಲಸ. ಮೊದಲು ಬಿಳಿ ಸುಣ್ಣದ ಗಾರೆಯನ್ನು ಹಚ್ಚಿ ನಯ ಮಾಡಬೇಕು. ಅದರ ಮೇಲೆ ಕೆಮ್ಮಣ್ಣಿನ ಬಣ್ಣ ಸೇರಿಸಿದ ಸುಣ್ಣದ ತೆಳು ಪದರ. ಅದು ಹಸಿ ಇರುವಾಗಲೇ ಚೂಪು ಮೊಳೆಯಿಂದ ಗೆರೆ ಎಳೆದು, ಬೇಡದ ಕಡೆ ಕೆಂಪನ್ನು ಕೆರೆದು ತೆಗೆಯಬೇಕು. ಒಳಗಿನ ಬಿಳಿ ಮೇಲೆ ಬರುತ್ತದೆ. ಎರಡೇ ಬಣ್ಣ. ಸುಣ್ಣ ಕಲ್ಲಾಗುವಾಗ ಕೆಂಪು ಅದರೊಳಗೇ ಸೇರಿ ಗಟ್ಟಿಯಾಗುತ್ತದೆ. ಅದಕ್ಕೇ ನಮ್ಮಂಥ ಮಳೆಯಲ್ಲೂ ಅಷ್ಟು ಕಾಲ ಬಾಳಿದ್ದು. ಗೋವಾದಿಂದ ನಮ್ಮ ಕರಾವಳಿಯುದ್ದಕ್ಕೂ ಈ ಕೆಲಸ ಇತ್ತು. 1688ರ ಶಿರಸಿ ಮಾರಿಕಾಂಬಾ ದೇವಸ್ಥಾನಕ್ಕೆ ಹೋದವರು ಗೋಡೆಯ ಮೇಲೆ ನೋಡಿರುತ್ತೀರಿ. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅದರಲ್ಲಿ ಎಷ್ಟು ಜನ ಆ ಗೋಡೆಯ ಮುಂದೆ ನಿಲ್ಲುತ್ತಾರೋ. ಹೊನ್ನಾವರದಲ್ಲಿ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು ಇದರ ಬೆಲೆ ಅರಿತವರು. ಕಾವಿ ಚಿತ್ರಗಳನ್ನು ಹುಡುಕಿ, ಫೋಟೋ ತೆಗೆದು, ಬರೆದು ದಾಖಲೆ ಮಾಡಿಟ್ಟರು. ಅವರು ಹೋಗಿ ಎರಡು ದಶಕದ ಮೇಲಾಯಿತು. ಕೆತ್ತಿ ಬೀಳಿಸಿದ ಗೋಡೆಯ ಚಿತ್ರ ಫೋಟೋದಲ್ಲಿ ಉಳಿಯಬಹುದು. ಅದನ್ನು ಮಾಡಿದ ಕೈ ಫೋಟೋದಲ್ಲಿ ಉಳಿಯುವುದಿಲ್ಲ.

ಘಟ್ಟದ ಮೇಲಿನವರು ಇದು ಕರಾವಳಿಯ ವಿಷಯ ಅಂದುಕೊಳ್ಳಬೇಡಿ. ಅಪ್ಪ ಹೇಳುತ್ತಿದ್ದ, ಚಿಪ್ಪಿನ ಸುಣ್ಣ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋಗುತ್ತಿತ್ತು ಅಂತ. ಕವಳ, ಅಂದರೆ ಎಲೆ ಅಡಿಕೆ, ಹಾಕುವವರಿಗೆ ಚಿಪ್ಪಿನ ಸುಣ್ಣದ ನಯ ಗೊತ್ತು. ಅಡಿಕೆ ತೋಟದವರಿಗಂತೂ ಕೊಳೆರೋಗಕ್ಕೆ ಸುಣ್ಣವಿಲ್ಲದೆ ಆಗುವುದೇ ಇಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಮೇಲೆ ಬರೆದರು, ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಬ್ಬಿಣದ ಚಾಕು ಅದ್ದಿ ನೋಡಿ, ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ತೋಟಕ್ಕೆ ಸುಣ್ಣದ ಗುಣ ನೋಡಿ ಆರಿಸುವ ನಾವು ಮನೆಯ ಗೋಡೆಗೆ ಏಕೆ ಅದನ್ನು ಮರೆತೆವು? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ. ನಮ್ಮ ಹಳೆ ಗೋಡೆಗಳಿಗೆ ಆ ಸುಣ್ಣವೂ ಸಿಗದೆ ಹೋಯಿತು.

ಸಿಮೆಂಟನ್ನು ನಾನು ದ್ವೇಷಿಸುವುದಿಲ್ಲ. ಅದರಿಂದಲೇ ನನ್ನ ಮಕ್ಕಳು ಓದಿದರು. ಅದೂ ಸುಣ್ಣದಕಲ್ಲಿನಿಂದಲೇ ಆಗುವುದು. ಮಣ್ಣು ಸೇರಿಸಿ 1450 ಡಿಗ್ರಿಯವರೆಗೆ ಸುಡುತ್ತಾರೆ. ಸ್ಲ್ಯಾಬಿಗೆ, ಸೇತುವೆಗೆ, ನೀರಿನ ಟಾಕಿಗೆ ಅದೇ ಬೇಕು. ಆದರೆ ಸುಣ್ಣದಲ್ಲಿ ಕಟ್ಟಿದ ಚಿರೆಕಲ್ಲಿನ ಗೋಡೆ ವರ್ಷ ವರ್ಷ ಸ್ವಲ್ಪ ಹಿಗ್ಗುತ್ತದೆ, ಸ್ವಲ್ಪ ಕುಗ್ಗುತ್ತದೆ. ಸುಣ್ಣ ಅದರ ಜೊತೆ ಹೊಂದಿಕೊಳ್ಳುತ್ತದೆ. ಸಿಮೆಂಟ್ ಬಿರಿಯುತ್ತದೆ. ಬಿರುಕಿನಲ್ಲಿ ಮಳೆನೀರು ಒಳಗೆ ಹೋಗುತ್ತದೆ, ಹೊರಗೆ ಬರಲಾಗದೆ ಉಳಿಯುತ್ತದೆ. ಮಿರ್ಜಾನ್ ಕೋಟೆಯನ್ನು ನೋಡಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಬೆಸೆದ ಕೋಟೆ ಅದು. ಪೂರ್ತಿ ಚಿರೆಕಲ್ಲು. ಸಿಮೆಂಟ್ ಅನ್ನುವುದು ಹುಟ್ಟುವ ಮೊದಲೇ ಅಘನಾಶಿನಿಯ ದಂಡೆಯಲ್ಲಿ ಎಷ್ಟೋ ಮಳೆಗಾಲ ತಿಂದು ನಿಂತಿತ್ತು.

ಹಾಗಾಗಿ ನಿಮ್ಮಲ್ಲಿ ನನ್ನ ಕೇಳಿಕೆ ಇದು.

ಹಳೆ ದೇವಸ್ಥಾನ, ಶಾಲೆ, ಚಾವಡಿ ಯಾವುದೇ ಇರಲಿ, ಸುತ್ತಿಗೆ ಎತ್ತುವ ಮೊದಲು ಗೋಡೆಯನ್ನು ಒಬ್ಬ ತಿಳಿದವರಿಗೆ ತೋರಿಸಿ. ಮೇಲಿನ ಪೇಂಟನ್ನು ಅಂಗೈಯಗಲ ಮೆಲ್ಲಗೆ ಕೆರೆದು ನೋಡಿ. ಎಷ್ಟೋ ಕಡೆ ಕಾವಿ ಅಡಿಯಲ್ಲೇ ಇರುತ್ತದೆ. ಇದ್ದರೆ ಕೆಲಸ ನಿಲ್ಲಿಸಿ. ಊರಿಗೆಲ್ಲ ಹೇಳಿ, ಫೋಟೋ ತೆಗೆಸಿ, ಆಮೇಲೆ ಏನು ಮಾಡುವುದು ಅಂತ ಕೂತು ಮಾತಾಡಿ.

ಎಂಜಿನಿಯರುಗಳೇ, ನನ್ನ ಕೈಗೆ ಬಂದ ಅಂದಾಜು ಪಟ್ಟಿಗಳಲ್ಲಿ ಸುಣ್ಣದ ಗಾರೆ ಅನ್ನುವ ಸಾಲನ್ನೇ ನಾನು ಕಂಡಿಲ್ಲ. ಸಾಲು ಇಲ್ಲದಿದ್ದರೆ ದರ ಇಲ್ಲ. ದರ ಇಲ್ಲದಿದ್ದರೆ ಗುತ್ತಿಗೆದಾರ ಮಾಡುವುದಿಲ್ಲ. ಗೊತ್ತಿದ್ದ ಮೇಸ್ತ್ರಿಯೂ ಸುಮ್ನೆ ಸಿಮೆಂಟ್ ಕಲಸುತ್ತಾನೆ. ನೂರು ವರ್ಷ ದಾಟಿದ ಚಿರೆಕಲ್ಲಿನ ಕಟ್ಟಡಕ್ಕಾದರೂ ಆ ಒಂದು ಸಾಲು ಬರೆಯಿರಿ. ಕೂಲಿ ಜಾಸ್ತಿ, ದಿನವೂ ಜಾಸ್ತಿ ಹಿಡಿಯುತ್ತದೆ. ಅದನ್ನೂ ಪಟ್ಟಿಯಲ್ಲಿ ಮುಚ್ಚುಮರೆ ಇಲ್ಲದೆ ಬರೆಯಿರಿ. ಐದು ವರ್ಷಕ್ಕೊಮ್ಮೆ ಕೆತ್ತಿ ಮತ್ತೆ ಮೆತ್ತುವ ಖರ್ಚನ್ನು ಪಕ್ಕದಲ್ಲಿಟ್ಟು ನೋಡಿ.

ಚಿಪ್ಪಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಇದನ್ನು ಒತ್ತಿ ಹೇಳುತ್ತೇನೆ. ನನ್ನ ಪತ್ರ ಓದಿ ಯಾರಾದರೂ ಅಳಿವೆಯ ತಳವನ್ನು ಯಂತ್ರ ಇಳಿಸಿ ಬಗೆದರೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ತಳ ಕದಡಿದರೆ ಬಳಚಿನ ಮರಿ ನಿಲ್ಲುವುದಿಲ್ಲ. ಬಳಚನ್ನೇ ನಂಬಿದ ಕುಟುಂಬಗಳು ಎರಡೂ ದಂಡೆಯಲ್ಲಿವೆ, ದಿನದ ಕೂಲಿಗೆ ಹೊಳೆಗೆ ಇಳಿಯುವ ಹೆಂಗಸರಿದ್ದಾರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಸುಮಾರು 4800 ಹೆಕ್ಟೇರ್. ಅದನ್ನು ಮುಟ್ಟುವುದು ಬೇಡ. ಯಾಣದ ಬಂಡೆಯಂತೂ ಬೇಡವೇ ಬೇಡ. ನಮಗೆ ಬೇಕಾದ ಚಿಪ್ಪು ಈಗಾಗಲೇ ತಿಂದು ಬಿಸಾಕಿದ್ದರಲ್ಲಿದೆ. ಮನೆಯ ಹಿಂದೆ, ಖಾನಾವಳಿಗಳ ಹಿಂದೆ, ಬಳಚು, ಅದರ ಹಾಗೆಯೇ ತಿನ್ನುವ ನೀಲಿಕಲ್ಲು, ಕಲಗ ಇವುಗಳ ಚಿಪ್ಪು ರಾಶಿ ಬಿದ್ದು ನಾರುತ್ತದೆ. ಅದನ್ನು ಕಿಲೋಗೆ ಇಷ್ಟು ಅಂತ ಕೊಟ್ಟು ಕೊಂಡರೆ ಹೆಕ್ಕುವ ಹೆಂಗಸರಿಗೂ ಎರಡು ಕಾಸು ಜಾಸ್ತಿ ಸಿಗುತ್ತದೆ. ಪಂಚಾಯ್ತಿಯವರು ಮನಸ್ಸು ಮಾಡಿದರೆ ಹೊಳೆಬದಿಯಲ್ಲಿ ಒಂದೇ ಒಂದು ಗೂಡು ಸಾಕು. ಹೊಗೆ ಮನೆಗಳ ಕಡೆ ಬರದ ಜಾಗ ನೋಡಿ ಕಟ್ಟಬೇಕು, ಸುಡುವವರಿಗೆ ಕಣ್ಣಿಗೆ ಕನ್ನಡಕ, ಕೈಗೆ ಗವಸು ಕೊಡಬೇಕು. ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಮೊದಲಿನವರು ಬರಿಗೈಯಲ್ಲೇ ಮಾಡಿದರು. ಅವರ ಬೆರಳು ಹೇಗಿತ್ತು ಅಂತ ನಾನು ನೋಡಿದ್ದೇನೆ.

ಇನ್ನು ಕಲಿಯುವವರು. ನನಗೆ ಗೊತ್ತಿರುವ ಹಾಗೆ ನಮ್ಮ ಕಡೆ ಸುಣ್ಣದ ಗಾರೆ ಹದ ತಿಳಿದವರು ಬೆರಳೆಣಿಕೆಯಷ್ಟು ಜನ. ಎಲ್ಲರಿಗೂ ವಯಸ್ಸಾಗಿದೆ. ಯಾವುದಾದರೂ ಒಂದು ದೇವಸ್ಥಾನದ ಸಮಿತಿ ಧೈರ್ಯ ಮಾಡಿ ಒಂದು ಗೋಡೆ ಕೊಡಲಿ. ಪೂರ್ತಿ ಪೌಳಿ ಬೇಡ, ಒಂದೇ ಗೋಡೆ. ಹಿರಿಯರು ಕೂತು ಹೇಳಲಿ, ಹುಡುಗರು ಮಾಡಲಿ. ನಾನು ಕೂಲಿ ತಗೊಳ್ಳದೆ ಬರುತ್ತೇನೆ.

ಸುಣ್ಣದ ಕೆಲಸ ಮಳೆಯಲ್ಲಿ ಆಗುವುದಿಲ್ಲ. ನವರಾತ್ರಿ ಕಳೆದು ಗೋಡೆ ಆರಿದ ಮೇಲೆ ಶುರು ಮಾಡಿದರೆ ಯುಗಾದಿಯೊಳಗೆ ಮುಗಿಸಬಹುದು. ಆದರೆ ಸುಣ್ಣವನ್ನು ಈ ಮಳೆಗಾಲದಲ್ಲೇ ಹೊಂಡಕ್ಕೆ ಹಾಕಿಡಬೇಕು. ನನ್ನ ಮನೆಯ ಹಿಂದೆ ಅಪ್ಪ ತೋಡಿದ ಹೊಂಡ ಇದೆ. ಹೋದ ತಿಂಗಳು ಅದನ್ನು ಕೆರೆದು ತೊಳೆದಿದ್ದೇನೆ. ಎರಡು ಚೀಲ ಬಳಚಿನ ಸುಣ್ಣ ಅರಳಿಸಿ ಹಾಕಿದ್ದೇನೆ. ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿದ್ದೇನೆ. ಯಾರ ಗೋಡೆಗೆ ಅಂತ ನೀವು ಹೇಳಬೇಕು.

ಇಂತಿ ನಿಮ್ಮವ,
ಕುಮಟಾ ಕಡೆಯ ಒಬ್ಬ ಗಾರೆ ಮೇಸ್ತ್ರಿ